ಅಮ್ಮ ಸೈಜ್

ದೊಡ್ಡ ಅಳತೆಯ ಟಾಪನ್ನು ಅಂಗಡಿಯ ಗೊಂಬೆಗೆ ಹಾಕಿದರೆ ಅದು ಭುಜದಿಂದ ಜಾರಿ ಸೊಂಟಕ್ಕೆ ಬಂದು ಕೂರುತ್ತಿತ್ತು. ಹಿಂದಿನಿಂದ ಪಿನ್ನು ಚುಚ್ಚಿ ಬಿಗಿ ಮಾಡಿದರೆ ದೊಡ್ಡ ಅಳತೆಯದು ಅಂತಲೇ ಅನ್ನಿಸುತ್ತಿರಲಿಲ್ಲ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಗೊಂಬೆಯ ಬೆನ್ನ ಹಿಂದೆ ಹೆಣಗುತ್ತಿದ್ದೆ. ಮೊಬೈಲ್ ಸ್ಟ್ಯಾಂಡಿನ ಆ ಕಡೆ ನಿಂತಿದ್ದ ಅಂಗಡಿ ಮಾಲಕಿ ಗೊಂಬೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆ ನೋಟ ಏನು ಅಂತ ನನಗೆ ತಕ್ಷಣ ಗೊತ್ತಾಯಿತು. ದಪ್ಪ ಮೈ ಇರುವವರಿಗೆ ಇಂಥ ನೋಟಗಳು ಬೇಗ ತಿಳಿಯುತ್ತವೆ.

“ಅಕ್ಕಾ, ಸುಮ್ನೆ ಯಾಕೆ ಒದ್ದಾಡ್ತೀರ? ನೀವೇ ಹಾಕ್ಕಂಡು ನಿಂತ್ಕಳ್ರಿ,” ಎಂದರು.

ಚಿತ್ರದುರ್ಗದ ಆ ರೆಡಿಮೇಡ್ ಅಂಗಡಿಯಲ್ಲಿ ನನ್ನ ಕೆಲಸ ಆಲ್ಟ್ರೇಷನ್. ಹಿಂಬದಿಯಲ್ಲಿ ಒಂದು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಪೆಟ್ಟಿಗೆ, ಮುಂದೆ ಒಂದು ಪರದೆ. ತೋಳು ಬಿಗಿಯಾದರೆ ಬಿಚ್ಚಿ ಕೊಡುವುದು, ಉದ್ದವಾದರೆ ಮಡಚಿ ಹೊಲಿಯುವುದು. ಪರದೆಯ ಹಿಂದೆ ಇರುವಷ್ಟು ಹೊತ್ತು ನಾನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅದೇ ನನಗೆ ಬೇಕಾಗಿತ್ತು. ಥೈರಾಯ್ಡ್ ಅಂತ ಡಾಕ್ಟರು ಹೇಳುವಷ್ಟರಲ್ಲಿ ಮೈ ಬಂದಾಗಿತ್ತು. ಮಾತ್ರೆ ನುಂಗಿದ ಮೇಲೂ ಇಳಿಯಲಿಲ್ಲ. ಮದುವೆಗಳಿಗೆ ಹೋದರೆ ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಹೋಗಿ ನಿಲ್ಲುವವಳು ನಾನು. ಅಂಥವಳು ದೀಪಾವಳಿಯ ವ್ಯಾಪಾರಕ್ಕೆಂದು ಉಂಗುರದಂಥ ಲೈಟಿನ ಮುಂದೆ ನೇರಳೆ ಟಾಪು ಹಾಕಿಕೊಂಡು ನಿಂತೆ. ಬೇಡ ಅನ್ನಬಹುದಿತ್ತು. ಬೇಡ ಅಂದರೆ ಯಾಕೆ ಬೇಡ ಅಂತ ಹೇಳಬೇಕಾಗುತ್ತದಲ್ಲ, ಅದಕ್ಕಿಂತ ನಿಲ್ಲುವುದೇ ಸುಲಭ ಅನ್ನಿಸಿತು.

ಮಾಲಕಿ ಆಗಷ್ಟೇ ಲೈವ್ ಶುರು ಮಾಡಿದ್ದರು. ಅವರ ಗಂಡನ ಮನೆಯವರು ತಲೆಮಾರುಗಳಿಂದ ಜವಳಿ ವ್ಯಾಪಾರದವರು. ಆದರೆ ಸಂಜೆ ಹೊತ್ತು ಮೊಬೈಲಿನಲ್ಲಿ ಬಟ್ಟೆ ತೋರಿಸಿ ಮಾರುವ ಧೈರ್ಯ ಮಾಡಿದವರು ಇವರೇ. ಭರಮಸಾಗರ, ತುರುವನೂರು, ಹೊಸದುರ್ಗ, ಹಿರಿಯೂರು ಎಲ್ಲ ಕಡೆಯ ಹೆಂಗಸರು ಒಲೆ ಮುಂದೆ ಕೂತೇ ನೋಡುತ್ತಿದ್ದರು. ಬೇಕಾದ ಬಟ್ಟೆಯ ನಂಬರು, ಅಳತೆ, ಊರು ಬರೆದು ಕಳಿಸಿದರೆ ಮಾಲಕಿ ಅದನ್ನು ಜೋರಾಗಿ ಓದುತ್ತಿದ್ದರು. ಇಂಥ ಊರಿನ ಇಂಥವರು, ಇಂಥ ಸೈಜು, ಬುಕ್ ಆತು! ತಮ್ಮ ಹೆಸರು ಕೇಳಲೆಂದೇ ಸಣ್ಣದೊಂದು ಲೆಗ್ಗಿಂಗ್ ಆದರೂ ಕೊಳ್ಳುವವರಿದ್ದರು. ಹೆಸರು ಓದದೆ ಬಿಟ್ಟರೆ ಮರುದಿನ ಫೋನ್ ಮಾಡಿ ಜಗಳ ತೆಗೆಯುತ್ತಿದ್ದರು.

ಅಳತೆಯದೇ ದೊಡ್ಡ ತಲೆನೋವಾಗಿತ್ತು. ಒಂದು ಕಡೆಯಿಂದ ಬಂದ ಎಕ್ಸೆಲ್ ಇನ್ನೊಂದು ಕಡೆಯ ಎಲ್‌ಗಿಂತ ಚಿಕ್ಕದಿರುತ್ತಿತ್ತು. ಬಂಡಲು ಬಿಚ್ಚಿದ ಕೂಡಲೇ ಪ್ರತಿಯೊಂದನ್ನೂ ಮೇಜಿನ ಮೇಲೆ ಸಪಾಟಾಗಿ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪು ಹಿಡಿದು, ಅದನ್ನು ಎರಡರಷ್ಟು ಮಾಡಿ, ತೋಳಿನ ಸುತ್ತಳತೆಯನ್ನೂ ನೋಡಿ ನಾನು ಮೂರು ರಾಶಿ ಮಾಡುತ್ತಿದ್ದೆ. ಈ ಮೂರು ರಾಶಿಗೆ ನಮ್ಮದೇ ಹೆಸರು ಇಡೋಣ ಎಂದರು ಮಾಲಕಿ.

“ಡಬಲ್ ಎಕ್ಸೆಲ್, ತ್ರಿಬಲ್ ಎಕ್ಸೆಲ್ ಅಂದ್ರೆ ನಮ್ ಹೆಣ್ಮಕ್ಳಿಗೆ ಎದೆ ಧಸಕ್ ಅಂತೈತೆ ಕಣಕ್ಕ. ಮನೇಲಿ ಕರಿಯೋ ಹಂಗೆ ಕರಿಯಾಣ. ಸಣ್ಣದು ಕಾಲೇಜ್ ಸೈಜ್. ನಡುವಿಂದು ಸೊಸೆ ಸೈಜ್. ದೊಡ್ಡದು ಅಮ್ಮ ಸೈಜ್. ಹೆಂಗೈತೆ?”

ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಸ್ಯಾಟಿನ್ ಪಟ್ಟಿಯ ಮೇಲೆ ಗುಲಾಬಿ ಅಕ್ಷರದಲ್ಲಿ ಮೂರೂ ಹೆಸರು ಅಚ್ಚಾಗಿ ಸುರುಳಿ ಸುರುಳಿಯಾಗಿ ಬಂದವು. ಕಂಪನಿಯ ಚೀಟಿ ಬಿಚ್ಚಿ ಕೊರಳ ಹಿಂದೆ ನಮ್ಮ ಪಟ್ಟಿ ಹೊಲಿಯುವುದು ನನ್ನ ಪಾಲಿಗೆ ಬಂತು. ಮೊದಲ ವಾರ ಹೆಂಗಸರು ನಕ್ಕು ನಲಿದು ಬುಕ್ ಮಾಡಿದರು. ಹಳೆಯ ಗಿರಾಕಿಗಳು ಫೋನ್ ಮಾಡಿ, ಎಷ್ಟು ಚಂದ ಹೆಸರು ಇಟ್ಟೀರಿ ಎಂದು ಮಾಲಕಿಯನ್ನು ಹೊಗಳಿದರು.

ಅಮ್ಮ ಸೈಜಿನ ಬಟ್ಟೆ ಬಂದಾಗ ಪರದೆ ಸರಿಸಿ ನಾನು ಬರಬೇಕು, ಒಂದು ಸುತ್ತು ತಿರುಗಬೇಕು, ಕೈ ಎತ್ತಿ ಕಂಕುಳಲ್ಲಿ ಹಿಡಿಯುವುದಿಲ್ಲ ಅಂತ ತೋರಿಸಬೇಕು. ಮೊಬೈಲಿನ ಗಾಜಿನಲ್ಲಿ ನನ್ನದೇ ಆಕಾರ ಕಾಣುತ್ತಿತ್ತು. ಅದನ್ನು ನೋಡದಿರಲೆಂದು ನಾನು ಮಾಲಕಿಯ ಹಣೆಯ ವಿಭೂತಿಯನ್ನೇ ನೋಡುತ್ತಾ ತಿರುಗುತ್ತಿದ್ದೆ. ಹಾಗೆ ತಿರುಗುತ್ತಿರುವಾಗ ಒಂದು ಸಂಜೆ ಯಾರೋ ಬರೆದಿದ್ದನ್ನು ಅವರು ಜೋರಾಗಿ ಓದಿದರು: “ಅಕ್ಕಂಗೆ ಮಕ್ಳು ಎಷ್ಟು ಅಂತ ಕೇಳ್ತಾ ಅವ್ರೆ ಹೊಸದುರ್ಗದಿಂದ.”

ನಾನು ಬಾಯಿ ತೆರೆಯುವುದರೊಳಗೆ ಅವರೇ ನಗುತ್ತಾ ಹೇಳಿಬಿಟ್ಟರು: “ಇಬ್ರು! ಇಬ್ರು ಮಕ್ಳು ನಮ್ಮ ಅಕ್ಕಂಗೆ. ಅಮ್ಮ ಸೈಜ್ ಅಂದ್ರೆ ಸುಮ್ನೇನಾ?”

ನನಗೆ ಮಕ್ಕಳಿಲ್ಲ. ದಾವಣಗೆರೆಯ ಆಸ್ಪತ್ರೆಗಳನ್ನು ಸುತ್ತಿ ಸುತ್ತಿ ಸಾಕಾಗಿ, ಇನ್ನು ಬೇಡ ಅಂತ ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡು ಬಿಟ್ಟಿದ್ದೆವು. ಅದು ಮಾಲಕಿಗೆ ಗೊತ್ತಿತ್ತು. ವ್ಯಾಪಾರದ ಭರದಲ್ಲಿ ಬಾಯಿಗೆ ಬಂದದ್ದು ಅವರು ಅಂದರು. ನಾನು ಅಲ್ಲ ಅನ್ನಲಿಲ್ಲ. ಹಲ್ಲು ಕಿರಿದು ಇನ್ನೊಂದು ಸುತ್ತು ತಿರುಗಿದೆ. ಆ ತಿರುಗಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ಗಂಡ ಮೋಟಾರು ವೈಂಡಿಂಗ್ ಮಾಡುವವರು. ಅವರ ಅಂಗಡಿಯಲ್ಲೂ ಯಾರೋ ಆ ಲೈವ್ ಹಾಕಿದ್ದರಂತೆ. ಮನೆಗೆ ಬಂದವರು ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತು, “ಏನು ಹೆಸರು ಇಟ್ಟೀಯ ಮಕ್ಳಿಗೆ?” ಎಂದರು. ನಗಿಸಲಿಕ್ಕೇ ಅಂದದ್ದು. ನಾನು ನಗಲಿಲ್ಲ, ಅವರ ನಗುವೂ ಅರ್ಧಕ್ಕೇ ನಿಂತಿತು. ಆಮೇಲೆ ಇಬ್ಬರೂ ಸಾರು ಚೆನ್ನಾಗಿದೆಯೋ ಇಲ್ಲವೋ ಎಂಬುದರ ಬಗ್ಗೆ ಮಾತಾಡಿದೆವು.

ಹಬ್ಬ ಹತ್ತಿರವಾಗುತ್ತಿದ್ದಂತೆ ವಾಪಸು ಬರುವ ಬಟ್ಟೆ ಹೆಚ್ಚಾಯಿತು. ಬಣ್ಣ ಹೋದದ್ದಲ್ಲ, ತೂತಾದದ್ದಲ್ಲ. ಎಲ್ಲದರದ್ದೂ ಒಂದೇ ಜಾಗ, ಕಂಕುಳ ಹೊಲಿಗೆ ಬಿಟ್ಟಿರುತ್ತಿತ್ತು. ದಾರ ಕಚ್ಚಾ ಅಂತ ಮಾಲಕಿ ಹೋಲ್‌ಸೇಲ್‌ನವರ ಮೇಲೆ ರೇಗಿದರು. ನಾನು ದಾರ ಎಳೆದು ನೋಡಿದೆ, ಗಟ್ಟಿಯಾಗಿತ್ತು. ಬಟ್ಟೆಯೇ ಹೊಲಿಗೆಯ ಗುಂಟ ಬಿಚ್ಚಿಕೊಂಡಿತ್ತು. ಚಿಕ್ಕದನ್ನು ಬಲವಂತವಾಗಿ ಏರಿಸಿಕೊಂಡಾಗ ಮಾತ್ರ ಹೀಗಾಗುತ್ತದೆ. ವಾಪಸು ಬಂದದ್ದರಲ್ಲಿ ಅಮ್ಮ ಸೈಜಿನದು ಒಂದೂ ಇರಲಿಲ್ಲ, ಎಲ್ಲವೂ ಕಾಲೇಜು ಮತ್ತು ಸೊಸೆ.

ಕಾರಣ ನನಗೆ ತಿಳಿದದ್ದು ತುರುವನೂರು ಕಡೆಯಿಂದ ಬಂದ ಅತ್ತೆ ಸೊಸೆಯರಿಂದ. ಅತ್ತೆ ಕುರಿ ಕಾಯ್ದು ಬೆಳೆದ ಹೆಂಗಸು, ಕಡ್ಡಿಯಂತೆ ಸಣ್ಣಗಿದ್ದರು. ನೈಟಿಯ ಮೇಲೆ ಹಾಕಿಕೊಳ್ಳುವ ಕೋಟು ಬೇಕೆಂದು ಬಂದಿದ್ದರು. ಅವರಿಗೆ ಸರಿಹೋದದ್ದು ಕಾಲೇಜ್ ಸೈಜು. ಕೌಂಟರಿನಲ್ಲಿ ಅದನ್ನು ಓದಿ ಹೇಳಿದ ಮೇಲೆ ಆ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

“ನೋಡ್ದೇನೇ, ನಾನು ಕಾಲೇಜಂತೆ! ನೀನು ಅಮ್ಮಂತೆ! ನಾಳಿಂದ ನೀನೇ ನಂಗೆ ಟಿಪಿನ್ನು ಕಟ್ಟಿ ಕಳಿಸು.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸೊಸೆ ನಗಲಿಲ್ಲ. ಕೈಯಲ್ಲಿದ್ದ ಅಮ್ಮ ಸೈಜಿನ ಟಾಪನ್ನು ಮೆಲ್ಲಗೆ ಮಡಚಿ ರಾಶಿಗೆ ಹಾಕಿ, ನಡುವಿನ ರಾಶಿಯಿಂದ ಇನ್ನೊಂದನ್ನು ಎತ್ತಿಕೊಂಡಳು. ಅದು ಅವಳಿಗೆ ಆಗುವುದಿಲ್ಲ ಅಂತ ನನಗೆ ದೂರದಿಂದಲೇ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಹಾಕಿ ನೋಡ್ರಿ ಅಂದೆ. ಬ್ಯಾಡ ಬಿಡ್ರಿ, ಇದೇ ಸರಿ ಆತೈತೆ ಅಂದಳು. ಹಬ್ಬದ ಮರುದಿನ ಅದು ಕಂಕುಳು ಬಿಟ್ಟುಕೊಂಡು ನನ್ನ ಮೇಜಿಗೆ ಬಂತು.

ಮಾಲಕಿಗೆ ಹೇಳೋಣವೆಂದು ಹೋದೆ. ಅವರು ಬುಕಿಂಗ್ ನೋಡಿ ಖುಷಿಯಲ್ಲಿದ್ದರು. ಕಾಲೇಜ್ ಸೈಜು ಎಲ್ಲಕ್ಕಿಂತ ಹೆಚ್ಚು ಓಡುತ್ತಿದೆ, ಸಣ್ಣ ಅಳತೆಯ ಮಾಲನ್ನೇ ಹೆಚ್ಚು ತರಿಸುತ್ತಿದ್ದೇನೆ, ದೊಡ್ಡದು ಸದ್ಯಕ್ಕೆ ಬೇಡ ಎಂದರು. ಆ ಮಾತಿಗೆ ನಾನು ಏನಾದರೂ ಅನ್ನಬೇಕಿತ್ತು. ಅಂದರೆ ನನ್ನ ಮೈಯ ಮಾತು ಬರುತ್ತದೆ, ಇಬ್ಬರು ಮಕ್ಕಳ ಮಾತು ಬರುತ್ತದೆ. ಹೂಂ ಅಂದು ಪರದೆಯ ಹಿಂದೆ ಹೋದೆ.

ಹೊಳಲ್ಕೆರೆಯ ಹುಡುಗಿ ಫೋನ್ ಮಾಡಿದ್ದು ಆ ದಿನಗಳಲ್ಲೇ. ಡಿಗ್ರಿ ಮುಗಿಸಿ ಅಲ್ಲೇ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹಿಂದಿನ ಸಂಜೆಯ ಲೈವ್‌ನಲ್ಲಿ ಅವಳ ಹೆಸರು, ಊರು, ಕಾಲೇಜ್ ಸೈಜ್ ಎಂದು ಮಾಲಕಿ ಓದಿದ್ದು ನನಗೆ ನೆನಪಿತ್ತು.

“ಅಕ್ಕಾ, ಯಾರ್ಗೂ ಹೇಳ್ಬ್ಯಾಡ್ರಿ. ನಂಗೆ ಅದು ಆಗಲ್ಲ. ದೊಡ್ಡದನ್ನೇ ಕಳಿಸ್ರಿ. ಚೀಟಿ ಮಾತ್ರ ಕಾಲೇಜ್‌ದು ಇರ್ಲಿ.”

“ಚೀಟಿ ಒಳಗಡೆ ಇರತೈತಲ್ಲಮ್ಮ, ಯಾರು ನೋಡ್ತಾರೆ?”

“ನಮ್ ದೊಡ್ಡಮ್ಮ ನೋಡ್ತಾಳೆ. ಹಗ್ಗದ ಮೇಲೆ ಒಣಗಾಕಿದ್ರೆ ತಿರುವಿ ನೋಡ್ತಾಳೆ. ಮದುವಿ ಆಗದೇನೇ ಅಮ್ಮ ಆದ್ಲು ಅಂತ ಕೇರಿ ತುಂಬ ನಗಸ್ತಾಳೆ. ಹಿರಿಯೂರಿಂದ ನನ್ನ ನೋಡಾಕೆ ಬರ್ತಾ ಅವ್ರೆ ಅಕ್ಕ. ಅವತ್ತಿಗೆ ಹಾಕ್ಕಳಾಕೆ.” ದನಿ ತಗ್ಗಿಸಿ, “ಗಂಡಿನ ಅಕ್ಕ ನಿಮ್ಮ ಲೈವ್ ನೋಡ್ತಾರಂತೆ,” ಎಂದಳು.

ಎಷ್ಟು ಅಳತೆ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ಮಾತು ಸುತ್ತಿ ಬಳಸಿ ಕೊನೆಗೆ, “ನಿಮ್ಮಷ್ಟೇ ಇದೀನಿ ಅಕ್ಕ,” ಎಂದಳು. ಆ ಮಾತಿನಿಂದ ನನಗೆ ನೋವೂ ಆಯಿತು, ಅವಳ ಮೇಲೆ ಒಂದು ಥರದ ಅಕ್ಕರೆಯೂ ಹುಟ್ಟಿತು. ನಾನು ಹಾಕಿ ತಿರುಗಿದ್ದಂಥದೇ ಒಂದು ಟಾಪು ತೆಗೆದು, ಕೊರಳ ಹಿಂದಿನ ಅಮ್ಮ ಪಟ್ಟಿಯ ಎರಡೂ ತುದಿಯನ್ನು ಬ್ಲೇಡಿನಿಂದ ಬಿಡಿಸಿದೆ. ಹಳೆಯ ಸೂಜಿ ತೂತು ಕಾಣದಂತೆ ಉಗುರಿನಿಂದ ಉಜ್ಜಿ, ಇಸ್ತ್ರಿಯ ಹಬೆ ಕೊಟ್ಟು, ಅದೇ ಜಾಗದಲ್ಲಿ ಕಾಲೇಜ್ ಪಟ್ಟಿ ಹೊಲಿದೆ. ಬಸ್ಸಿಗೆ ಹಾಕಿ ಕಳಿಸಿದೆ. ಸರಿಯಾಗಿ ಕೂತಿತು ಎಂದು ಮೆಸೇಜು ಬಂತು.

ಬಾಯಿಂದ ಬಾಯಿಗೆ ಹೋಗಿರಬೇಕು, ಆಮೇಲೆ ಅಂಥ ಫೋನುಗಳು ಬರತೊಡಗಿದವು. ಅಂಗನವಾಡಿ ಟೀಚರು, ಬ್ಯಾಂಕಿನ ಕ್ಲರ್ಕು, ಹೆತ್ತು ವರ್ಷವಾಗದ ಬಾಣಂತಿ ಕೂಡ. ನಾನು ಬ್ಲೇಡು ಹಿಡಿದು ಒಬ್ಬೊಬ್ಬರನ್ನೇ ಕಾಲೇಜಿಗೆ ಸೇರಿಸುತ್ತಾ ಹೋದೆ. ಮಾಲಕಿ ಸಣ್ಣ ಮಾಲು ತರಿಸುತ್ತಾ ಹೋದರು. ಕಪಾಟಿನ ತುಂಬ ಸಣ್ಣವು ತುಂಬಿಕೊಂಡವು, ದೊಡ್ಡವು ಖಾಲಿಯಾದವು.

ಹೊಳಲ್ಕೆರೆ ಹುಡುಗಿಯ ಸಂಬಂಧ ಗಟ್ಟಿಯಾಯಿತು. ಆ ಸುದ್ದಿ ನನಗೆ ತಂದವರು ಗಂಡಿನ ಅಕ್ಕ. ಒಂದು ಮಧ್ಯಾಹ್ನ ಹಿರಿಯೂರಿನಿಂದ ನೆಟ್ಟಗೆ ನಮ್ಮ ಅಂಗಡಿಗೆ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ನಿಶ್ಚಿತಾರ್ಥಕ್ಕೆ ಹುಡುಗಿಗೆ ಕೊಡಲು ಕೆಂಪು ಸೀರೆ ತೆಗೆದಿದ್ದೇವೆ, ಅದಕ್ಕೆ ಹೊಂದುವ ಕಸೂತಿ ಹಾಕಿದ ರೆಡಿಮೇಡ್ ಬ್ಲೌಸು ಬೇಕು ಎಂದರು. ಕೌಂಟರಿನಲ್ಲಿ ಜನವಿತ್ತು. ಅವರು ನನ್ನ ಮುಖವನ್ನೇ ನೋಡುತ್ತಾ, “ಕಾಲೇಜ್ ಸೈಜು ಅಂತ ಓದಿದ್ರಲ್ಲ ಲೈವ್‌ನಾಗೆ, ಆ ಹುಡುಗೀಗೆ ಸರಿಯಾಗಂಗೆ ಕೊಡ್ರಿ,” ಎಂದರು.

ಹಿಂದೆಲ್ಲ ಸೀರೆಯ ಜೊತೆ ಹೊಲಿಯದ ಕುಪ್ಪಸದ ಬಟ್ಟೆ ಇಟ್ಟು ಕೊಡುತ್ತಿದ್ದರು. ಸೀರೆಗೆ ಅಳತೆ ಇಲ್ಲ, ಉಟ್ಟವಳ ಮೈಯೇ ಅದರ ಅಳತೆ. ಈಗ ಬ್ಲೌಸನ್ನೂ ಹೊಲಿದದ್ದೇ ಕೊಡುತ್ತಾರೆ. ಹುಡುಗಿ ಅಲ್ಲೇ ಒಳಗೆ ಹೋಗಿ ಗಂಡಿನ ಕಡೆಯವರು ಕೊಟ್ಟದ್ದನ್ನು ಉಟ್ಟು ಬಂದು ಎಲ್ಲರ ಮುಂದೆ ಕೂರಬೇಕು, ಆಮೇಲೆ ಉಡಿ ತುಂಬುತ್ತಾರೆ. ಕಾಲೇಜ್ ಸೈಜಿನ ಬ್ಲೌಸಿನ ತೋಳು ಅವಳ ಮೊಣಕೈ ದಾಟುವುದಿಲ್ಲ. ಕೆಂಪಿನಲ್ಲಿ ದೊಡ್ಡದು ಅಂಗಡಿಯಲ್ಲಿ ಒಂದೂ ಇರಲಿಲ್ಲ. ಹುಕ್ಸು ಗಟ್ಟಿ ಮಾಡಿ ಕೊಡ್ತೀನಿ, ಮುಂದಿನ ವಾರ ಬರ್ರಿ ಎಂದು ಬಾಯಿಗೆ ಬಂದ ನೆವ ಹೇಳಿ ಅವರನ್ನು ಕಳಿಸಿದೆ.

ಹುಡುಗಿಗೆ ಫೋನ್ ಮಾಡಿದೆ. ಕೇಳಿದ ಕೂಡಲೇ ಅತ್ತಳು.

“ಬಾಗ್ಲು ಹಾಕ್ಕಂಡು ಒಳಗೇ ಕೂತ್ಕಂಡ್ರೆ ಏನಂತಾರೆ ಅಕ್ಕ? ಹೊರಗೆ ಎರಡು ಮನಿ ಜನ ಕಾಯ್ತಿರ್ತಾರೆ. ಸುಳ್ಳು ಹೇಳಿದ್ಲು ಅಂತಾರೆ. ನೀವೇ ಏನಾದ್ರೂ ಮಾಡ್ರಿ.”

ಮಾಡುವುದು ಒಂದೇ ಇತ್ತು. ಒಂದೇ ಕಸೂತಿಯ ಎರಡು ಸಣ್ಣ ಬ್ಲೌಸುಗಳನ್ನು ಸೇರಿಸಿ ಒಂದು ದೊಡ್ಡದು ಮಾಡಬೇಕು. ಪಕ್ಕದ ಹೊಲಿಗೆಯೊಳಗೆ ಬಿಟ್ಟಿರುವ ಬಟ್ಟೆ ಬಿಚ್ಚಿದರೆ ಒಂದೆರಡು ಇಂಚು ಸಿಗುತ್ತದೆ, ಅದು ಏತಕ್ಕೂ ಸಾಲದು. ಎರಡನೆಯ ಬ್ಲೌಸಿನ ಬೆನ್ನಿನಿಂದ ಉದ್ದ ಪಟ್ಟಿ ಕತ್ತರಿಸಿ ಕಂಕುಳಿಂದ ಸೊಂಟದವರೆಗೆ ಎರಡೂ ಪಕ್ಕಕ್ಕೆ ಕೂಡಿಸಬೇಕು. ತೋಳಿಗೂ ಅಂಥದೇ ಪಟ್ಟಿ. ಕಂಕುಳಲ್ಲಿ ಒಂದು ಚೌಕ ತುಂಡು ಇಡದಿದ್ದರೆ ಕೈ ಎತ್ತಿದಾಗ ಇಡೀ ಬ್ಲೌಸು ಮೇಲೆ ಬರುತ್ತದೆ. ಅಳತೆಗೆ ನನ್ನದೇ ಒಂದು ಬ್ಲೌಸು ಮುಂದಿಟ್ಟುಕೊಂಡೆ.

ಮೊದಲ ಸಲ ಕೆಡಿಸಿದೆ. ಅವಸರದಲ್ಲಿ ಹೊಲಿಗೆ ದಾರವನ್ನು ಒಮ್ಮೆಲೇ ಎಳೆದೆ, ಜರಿ ಬಟ್ಟೆಯ ಅಂಚೆಲ್ಲ ಎಳೆ ಎಳೆಯಾಗಿ ಸುರಿಯಿತು. ಪಟ್ಟಿಯನ್ನೂ ಅಡ್ಡಡ್ಡ ಕತ್ತರಿಸಿಬಿಟ್ಟಿದ್ದೆ. ಕೂಡಿಸಿ ಬೆಳಕಿಗೆ ಹಿಡಿದರೆ ಜರಿ ಒಂದು ಕಡೆ ಕೆಂಪಾಗಿ, ಇನ್ನೊಂದು ಕಡೆ ಕಂದು ಬಣ್ಣವಾಗಿ ಹೊಳೆಯಿತು, ತೇಪೆ ಅಂತ ಕುರುಡರಿಗೂ ಕಾಣುವಂತೆ. ಅದನ್ನು ಮೇಜಿನ ಕೆಳಗೆ ಒದ್ದು ಮತ್ತೆರಡು ಬ್ಲೌಸು ತೆಗೆದೆ. ಈ ಸಲ ಬಿಚ್ಚುವ ಮೊದಲೇ ಅಂಚಿನ ಒಳಬದಿಗೆ ತೆಳು ಕ್ಯಾನ್ವಾಸು ಇಟ್ಟು ಇಸ್ತ್ರಿ ಮಾಡಿ ಅಂಟಿಸಿಕೊಂಡೆ. ಒಂದೊಂದೇ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಕುಯ್ದೆ. ಉದ್ದಕ್ಕೆ ಕತ್ತರಿಸಿದೆ. ಬಳ್ಳಿ ತುಂಡಾಗದ ಹಾಗೆ ಎಲೆಗೆ ಎಲೆ ಕೂಡಿಸಿ ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಮಿಷನ್ನಿಗೆ ಕೊಟ್ಟೆ.

ಕೊನೆಯ ತೋಳು ಕೂಡಿಸುತ್ತಿದ್ದಾಗ ಪರದೆ ಸರಿಯಿತು. ಮಾಲಕಿ ಮೇಜಿನ ಕೆಳಗಿನ ಹರಿದ ಬ್ಲೌಸುಗಳನ್ನು ಎತ್ತಿಕೊಂಡು, “ಇದೇನಕ್ಕ ಇದು?” ಎಂದರು.

ಎಲ್ಲ ಹೇಳಿದೆ. ಚೀಟಿ ಬದಲಿಸಿದ್ದು, ಯಾರು ಯಾರು ಫೋನ್ ಮಾಡಿದ್ದು, ಸಣ್ಣ ಮಾಲು ಯಾಕೆ ಓಡಿದಂತೆ ಕಂಡಿತು ಎನ್ನುವುದು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಸ್ಟೂಲು ಎಳೆದುಕೊಂಡು ಕೂತರು.

“ನಾನು ಒಳ್ಳೇ ಮನ್ಸಿಂದ ಇಟ್ಟ ಹೆಸ್ರು ಕಣಕ್ಕ ಅದು. ಅಮ್ಮ ಅನ್ನಾದು ಬೈಗುಳ ಏನು?”

“ಬೈಗುಳ ಅಲ್ಲ ಮೇಡಂ. ಆಗ್ಬೇಕು ಅಂದ್ರೂ ಆಗದೇ ಇರೋರ ಕೊರಳಿಗೆ ಅದನ್ನ ಹೊಲಿದ್ರೆ ಅವ್ರು ಏನು ಮಾಡ್ಬೇಕು?”

ಹುಡುಗಿಯ ಪರವಾಗಿ ಶುರುಮಾಡಿದ ಮಾತು ನನ್ನದಾಗಿ ಮುಗಿದಿತ್ತು. ಮಾಲಕಿ ನನ್ನ ಮುಖ ನೋಡಿದರು, ನೋಡಿ ಕಣ್ಣು ಕೆಳಗೆ ಹಾಕಿದರು. ಲೈವ್‌ನಲ್ಲಿ ತಾವು ಅಂದದ್ದು ಅವರಿಗೆ ನೆನಪಾಯಿತು ಅಂತ ಕಾಣುತ್ತದೆ. ನೆಲಕ್ಕೆ ಬಿದ್ದಿದ್ದ ದಾರದ ತುಣುಕುಗಳನ್ನು ಒಂದೊಂದಾಗಿ ಆರಿಸತೊಡಗಿದರು. ಸ್ವಲ್ಪ ಹೊತ್ತಿಗೆ, “ತೋಳಿಗೆ ಅಸ್ತರು ಸಾಲ್ದೇ ಬಂದ್ರೆ ಕೆಂಪು ಬಟ್ಟೆ ಮ್ಯಾಲಿನ ಕಪಾಟ್ನಾಗೈತೆ,” ಎಂದು ಹೇಳಿ ಎದ್ದುಹೋದರು.

ಗಂಡಿನ ಅಕ್ಕ ಹೇಳಿದ ದಿನವೇ ಬಂದರು. ಕಾಲೇಜ್ ಪಟ್ಟಿಯನ್ನು ಕೊರಳಿಗೆ ಹೊಲಿದು, ಬ್ಲೌಸನ್ನು ಎಷ್ಟು ಚಿಕ್ಕದಾಗಿ ಮಡಚಬಹುದೋ ಅಷ್ಟು ಚಿಕ್ಕದಾಗಿ ಮಡಚಿ ಕವರಿಗೆ ಹಾಕಿಟ್ಟಿದ್ದೆ. ಅವರು ಕವರಿನಿಂದ ತೆಗೆದರು. ಕೊಡವಿ ಬಿಡಿಸಿದರು. ಹೆಬ್ಬೆರಳು ಕಿರುಬೆರಳು ಚಾಚಿ ಕಂಕುಳಿಂದ ಕಂಕುಳಿಗೆ ಗೇಣು ಹಾಕಿದರು. ಆಮೇಲೆ ಒಳಮೈ ಹೊರಗೆ ತಿರುವಿದರು. ಪಕ್ಕದ ಪಟ್ಟಿ, ಕಂಕುಳ ಚೌಕ, ಎಲ್ಲದರ ಮೇಲೂ ಅವರ ಬೆರಳು ಹೋಯಿತು. ಹುಡುಗಿಯ ಮಾನ ಅವರ ಅಂಗೈಯಲ್ಲಿತ್ತು, ಅದನ್ನು ಅಲ್ಲಿ ಇಟ್ಟವಳು ನಾನು.

“ಎರಡು ಕುಪ್ಪಸ ಕೂಡ್ಸಿ ಹೊಲಿದೀರ,” ಎಂದರು.

“ಹೂಂ ಅಕ್ಕ.”

“ಅವಳು ಹೇಳಿದ್ಲಾ?”

“ಇಲ್ಲ ಅಕ್ಕ, ನಾನೇ…”

ಅವರು ಬ್ಲೌಸು ಕೆಳಗಿಟ್ಟರು. “ಅಲ್ಲ ಕಣಕ್ಕ, ನಾವು ಹುಡುಗೀನ ನೋಡೀವಿ. ಎದುರಿಗೆ ಕುಂತಿದ್ಲು, ಉಪ್ಪಿಟ್ಟು ತಂದುಕೊಟ್ಲು. ಕಣ್ಣಿಲ್ವಾ ನಮಗೆ? ನೋಡೇ ಒಪ್ಕಂಡೀವಿ. ನಮ್ ತಮ್ಮ ಮನಿಗೆ ಬರೋ ತಂಕ ಖುಷೀಲಿ ನಗ್ತಾನೇ ಇದ್ದ. ಇದನ್ನ ಯಾರಿಂದ ಮುಚ್ಚಿಡಾಕೆ ಹೊಲಿದ್ರಿ ನೀವು?”

“ಮತ್ತೆ ನೀವೂ ಕಾಲೇಜ್ ಸೈಜು ಅಂತ್ಲೇ ಕೇಳಿದ್ರಲ್ಲ,” ಎಂದೆ.

“ಇನ್ನೇನು ಕೇಳ್ಲಿ? ಅಷ್ಟು ಜನದ ಮುಂದೆ, ಮದುವಿ ಆಗದ ಹುಡುಗೀಗೆ ಅಮ್ಮ ಸೈಜ್ ಕೊಡ್ರಿ ಅನ್ನಾನ? ಅವಳ ಬಟ್ಟೆ ಇಲ್ಲೇ ತಗಂಡಿದ್ದು, ಅವಳ ಅಳತೆ ಇವ್ರಿಗೆ ಗೊತ್ತಿರತೈತೆ, ಕೊಡ್ತಾರೆ ಬಿಡು ಅಂತ ಹಿರಿಯೂರಿಂದ ಇಲ್ಲಿಗೇ ಬಂದೆ. ಇಲ್ದಿದ್ರೆ ಹಿರಿಯೂರ್ನಾಗೆ ಕುಪ್ಪಸ ಸಿಗಲ್ವಾ?” ಕೊರಳ ಪಟ್ಟಿಯನ್ನು ಉಗುರಿನಿಂದ ಮೀಟಿ ತೋರಿಸಿದರು. “ಇದನ್ನ ತೆಗೀರಿ. ಮೊದ್ಲೇ ಬೆವರು. ಚುಚ್ಚತೈತೆ ಪಾಪ.”

ಬ್ಲೇಡು ತಂದು ತೆಗೆದೆ. ಅವರ ಮೇಲೆ ಗೌರವ ಬಂತು, ನನ್ನ ಮೇಲೆ ನಾಚಿಕೆ ಬಂತು. ಎಲ್ಲರಿಗೂ ಕಾಣುವ ಮೈಯನ್ನು ಎಲ್ಲರೂ ಸೇರಿ ಬಚ್ಚಿಡುತ್ತಿದ್ದೆವು, ಅದಕ್ಕೆ ಕಾವಲು ನಾನು. ಅವರು ಹೋದ ಮೇಲೆ ಮಾಲಕಿಯ ಹತ್ತಿರ ಹೋಗಿ ನೇರವಾಗಿ ಹೇಳಿದೆ: ನಾಳೆಯಿಂದ ಪಟ್ಟಿ ಹೊಲಿಯುವುದಿಲ್ಲ, ಅಮ್ಮ ಸೈಜು ಅಂತ ಹಾಕಿಕೊಂಡು ನಿಲ್ಲುವುದೂ ಇಲ್ಲ. ಬಟ್ಟೆ ಮೇಜಿನ ಮೇಲೆ ಹಾಸಿ ಟೇಪು ಹಿಡಿದು ಇಂಚು ತೋರಿಸೋಣ. ಬುಕ್ ಮಾಡುವವರು ನಂಬರು ಮಾತ್ರ ಬರೆಯಲಿ, ಅಳತೆಯನ್ನು ಬೇರೆಯಾಗಿ ಮೆಸೇಜು ಮಾಡಲಿ. ಹೆಸರು ಓದಿ, ಊರು ಓದಿ, ಅಳತೆ ಓದಬೇಡಿ.

“ಇಂಚು ಅಂದ್ರೆ ಮಜಾನೇ ಇರಲ್ಲಕ್ಕ,” ಎಂದರು ಮಾಲಕಿ. ಆದರೆ ಅವರ ಹಿಂದೆ ಕಪಾಟಿನ ತುಂಬ ಹೋಗದ ಸಣ್ಣ ಮಾಲು ಕೂತಿತ್ತು. ಒಪ್ಪಿದರು.

ಅವರು ಹೇಳಿದ್ದೂ ಸುಳ್ಳಲ್ಲ. ಮೊದಲ ಸಂಜೆ ಬುಕ್ ಮಾಡಿದವರು ಬಹಳ ಕಡಿಮೆ. ಅಮ್ಮ ಸೈಜ್ ಎಲ್ಲಿ, ಅದೇ ಚೆನ್ನಾಗಿತ್ತು ಅಂತ ಕೆಲವರು ಬರೆದರು. ನಾನು ಟೇಪು ಹಿಡಿದು ಎದೆ ಇಷ್ಟು, ತೋಳು ಇಷ್ಟು ಎಂದು ಹೇಳುತ್ತಿದ್ದಾಗ ನಿಮ್ಮ ಮಕ್ಕಳು ಹೇಗಿದ್ದಾರೆ ಅಂತ ಯಾರೋ ಬರೆದರು. ಈ ಸಲ ಮಾಲಕಿ ಅದನ್ನು ಜೋರಾಗಿ ಓದಲಿಲ್ಲ. ಅಕ್ಷರಗಳು ಗಾಜಿನ ಮೇಲೆ ಮೆಲ್ಲಗೆ ಮೇಲೆ ಸರಿದುಹೋದವು. ಆಗ ನಿಜ ಹೇಳಬಹುದಿತ್ತು. ಇದು ಹತ್ತಿ ಬಟ್ಟೆ, ಒಗೆದರೆ ಸ್ವಲ್ಪ ಕುಗ್ಗುತ್ತದೆ ಎಂದು ಹೇಳಿದೆ. ಇವತ್ತಿಗೂ ಎಷ್ಟೋ ಊರುಗಳಲ್ಲಿ ನಾನು ಇಬ್ಬರು ಮಕ್ಕಳ ತಾಯಿ.

ನಿಶ್ಚಿತಾರ್ಥ ಮುಗಿದ ಮೇಲೆ ಹೊಳಲ್ಕೆರೆಯ ಹುಡುಗಿ ಮದುವೆಯ ಬ್ಲೌಸಿಗೆ ಅಳತೆ ಕೊಡಲು ತಾನೇ ಅಂಗಡಿಗೆ ಬಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ದುಂಡು ಮುಖ, ಕೆನ್ನೆಯಲ್ಲಿ ಗುಳಿ. ನಿಜಕ್ಕೂ ನನ್ನಷ್ಟೇ ಇದ್ದಳು. ಪರದೆಯ ಒಳಗೆ ಕರೆದು ಬೆನ್ನಿಂದ ಎದೆಗೆ ಟೇಪು ಸುತ್ತಿದೆ. ಅವಳು ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ನಿಂತಳು.

“ಉಸಿರು ಬಿಡಮ್ಮ. ಹಿಂಗೆ ಅಳತೆ ತಗಂಡ್ರೆ ಮದುವಿ ದಿನ ಊಟ ಮಾಡಾಕೆ ಆಗಲ್ಲ ನಿಂಗೆ.”

“ಹೂಂ,” ಎಂದಳು, ಆದರೆ ಬಿಡಲಿಲ್ಲ. ನಾನು ಟೇಪು ಹಿಡಿದುಕೊಂಡು ಕಾದೆ. ಸುಮ್ಮನೆ ನಿಲ್ಲಲಾಗದೆ ಅವಳೇ ಬಿಗಿದ ಉಸಿರಿನಲ್ಲಿ ಮಾತು ತೆಗೆದಳು.

“ಅಕ್ಕ, ಮದುವಿಗೆ ನೀವು ಬರ್ಲೇಬೇಕು. ಮಕ್ಳನ್ನೂ ಕರ್ಕಂಡು ಬರ್ರಿ, ಇಬ್ರೂನೂ.”

ಹೊರಗೆ ಮಾಲಕಿ ಯಾರಿಗೋ ಸೀರೆ ಬಿಡಿಸಿ ತೋರಿಸುತ್ತಿದ್ದರು.

“ನಂಗೆ ಮಕ್ಳಿಲ್ಲ ಕಣಮ್ಮ,” ಎಂದೆ. “ಅದು ಸುಳ್ಳು. ಅವತ್ತು ಅವ್ರು ಅಂದ್ರು, ನಾನು ಸುಮ್ಕಿದ್ದೆ.”

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಅಷ್ಟರಲ್ಲಿ ಹಿಡಿದಿಟ್ಟಿದ್ದ ಉಸಿರೆಲ್ಲ ಹೊರಗೆ ಬಂತು, ಟೇಪು ನನ್ನ ಬೆರಳ ನಡುವೆ ತಾನಾಗಿ ಮುಂದಕ್ಕೆ ಸರಿಯಿತು. ಎಲ್ಲಿ ನಿಂತಿತೋ ಆ ಅಳತೆಯನ್ನೇ ಬರೆದುಕೊಂಡೆ.